ಗೂಡಿನಲ್ಲಿಟ್ಟ ನಾಯಿಗೆ ಸಿಟ್ಟು ಬಾರದಿರುತ್ತದೆಯೇ?

ನಮ್ಮ ಉಡುಪಿ ಕಡೆಯ ಎಷ್ಟೋ ಮನೆಗಳ ಹಿತ್ತಲಲ್ಲಿ ಒಂದು ಗೂಡು, ಅದರೊಳಗೆ ಹಗಲಿಡೀ ಬೊಗಳುವ ಒಂದು ದೊಡ್ಡ ನಾಯಿ ಇರುತ್ತದೆ. ರಾತ್ರಿ ಗೇಟು ಹಾಕಿದ ಮೇಲೆ ಮಾತ್ರ ಅದಕ್ಕೆ ಬಿಡುಗಡೆ. ನಮ್ಮ ಮನೆಯಲ್ಲೂ ಹಾಗೆಯೇ ಇತ್ತು. ಬೊಳ್ಳುವಿನ ತಾಯಿ ಜರ್ಮನ್ ಶೆಫರ್ಡ್, ತಂದೆ ಊರ ನಾಯಿ. ವರ್ಷ ತುಂಬುವಾಗ ಅವನು 34 ಕಿಲೋ ತೂಗುತ್ತಿದ್ದ. ಒಣಹಾಕಿದ ಬಟ್ಟೆ ಎಳೆದು ಹರಿಯುವುದು, ಮಲ್ಲಿಗೆ ಗಿಡದ ಬುಡ ಅಗೆಯುವುದು, ಬಂದವರ ಹೆಗಲಿಗೆ ಕಾಲಿಟ್ಟು ನಿಲ್ಲುವುದು ಮಿತಿಮೀರಿದಾಗ ನಾವು ಅವನನ್ನು ಸಂಕೋಲೆಯಲ್ಲಿ ಕಟ್ಟಿದೆವು. ಕಟ್ಟಿದಷ್ಟೂ ಸಿಟ್ಟು ಹೆಚ್ಚಿತು. ಕೊನೆಗೊಂದು ದಿನ ಅನ್ನ ಹಾಕಲು ಹೋದ ಅಮ್ಮನ ಮೇಲೆಯೇ ಗುರುಗುಟ್ಟಿದ. ಇದು ಜೋರು ನಾಯಿ, ಯಾರಿಗಾದರೂ ಕೊಟ್ಟುಬಿಡಿ ಎಂದವರೇ ಹೆಚ್ಚು.

ತಪ್ಪು ನಮ್ಮದಾಗಿತ್ತು ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಕುರಿ ಕಾಯಲೆಂದು ಬೆಳೆಸಿದ ತಳಿ ಮತ್ತು ಊರಿಡೀ ಅಲೆದು ಹೊಟ್ಟೆ ಹೊರೆಯುವ ನಾಯಿ, ಇವೆರಡರ ರಕ್ತವೂ ಮೈಯಲ್ಲಿರುವ ಪ್ರಾಣಿಗೆ ಸುಮ್ಮನೆ ಬಿದ್ದಿರುವುದೇ ದೊಡ್ಡ ಶಿಕ್ಷೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ, ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ಸಾಕಷ್ಟು ವ್ಯಾಯಾಮ ಕೊಡದಿರುವುದನ್ನೂ ಹಿಂಸೆಯೆಂದೇ ಎಣಿಸಲಾಗಿದೆ.

ಈಗ ಬೆಳಗಾಗುವ ಮೊದಲೇ ಅವನನ್ನು ಹಗ್ಗದಲ್ಲಿ ಹಿಡಿದು ಮಲ್ಪೆಯ ಹಸಿ ಮರಳಿನ ಮೇಲೆ ಮುಕ್ಕಾಲು ಗಂಟೆ ನಡೆಸುತ್ತೇನೆ, ಸಂಜೆ ಇನ್ನೊಮ್ಮೆ. ಬಿಸಿಲೇರಿದ ಮೇಲೆ ಕರೆದೊಯ್ಯುವುದಿಲ್ಲ. ನಾಯಿ ಪಾದದಡಿಯಲ್ಲಿ ಬಿಟ್ಟರೆ ಹೆಚ್ಚುಕಡಿಮೆ ಬೆವರುವುದೇ ಇಲ್ಲ. ತೇಕುತ್ತಲೇ ಮೈಕಾವು ಇಳಿಸಿಕೊಳ್ಳಬೇಕು, ಕರಾವಳಿಯ ತೇವದ ಗಾಳಿಯಲ್ಲಿ ಅದು ಸುಲಭವಲ್ಲ.

ನಡಿಗೆಗಿಂತ ಹೆಚ್ಚು ಫಲ ಕೊಟ್ಟದ್ದು ಮೂಗಿನ ಕೆಲಸ. ಅಂಗಳದಲ್ಲಿ ರಾಶಿ ಹಾಕಿದ ತೆಂಗಿನ ಸಿಪ್ಪೆಗಳ ನಡುವೆ ಬೇಯಿಸಿದ ಮೊಟ್ಟೆಯ ಚೂರುಗಳನ್ನು ಅಡಗಿಸಿ ಬಿಡುತ್ತೇನೆ. ಬಾಲ ನೆಟ್ಟಗಾಗುತ್ತದೆ, ಉಸಿರು ಗರಗಸದಂತೆ ಸದ್ದು ಮಾಡುತ್ತದೆ, ಒಂದೊಂದೇ ಸಿಪ್ಪೆಯನ್ನು ಮೂತಿಯಿಂದ ಮಗುಚಿ, ಚೂರು ಸಿಕ್ಕೊಡನೆ ತಲೆಯೆತ್ತಿ ನನ್ನನ್ನು ನೋಡುತ್ತಾನೆ. ಕಾಲು ಗಂಟೆ ಕಳೆಯುವಾಗ ಜಗಲಿಯ ಮೆಟ್ಟಿಲಿಗೆ ಗದ್ದ ಊರಿ ಮಲಗಿಬಿಡುತ್ತಾನೆ. ದಿನಕ್ಕೆ ಒಂದೂವರೆ ಗಂಟೆ ಕೊಡಲಾಗದವರು, ಮರಿ ಎಷ್ಟೇ ಮುದ್ದಾಗಿದ್ದರೂ, ದಯವಿಟ್ಟು ಇಂಥ ನಾಯಿಯನ್ನು ಮನೆಗೆ ತರಬೇಡಿ.

ಮಳೆಗಾಲದಲ್ಲಿ ಚಿಂತೆ ಬೇರೆ. ಇಲಿಯ ಮೂತ್ರ ಸೇರಿದ ನಿಂತ ನೀರಿನಿಂದ ಇಲಿಜ್ವರ ನಾಯಿಗೂ ಬರುತ್ತದೆ, ನಮಗೂ ಬರುತ್ತದೆ. ಆದ್ದರಿಂದ ರೇಬೀಸ್ ಲಸಿಕೆಯ ಜೊತೆಗೆ ಅದರ ಲಸಿಕೆಯನ್ನೂ ವರ್ಷವರ್ಷ ಹಾಕಿಸುತ್ತೇವೆ. ಹೊರಗೆ ಹೋಗಿ ಬಂದಾಗಲೆಲ್ಲ ಕಿವಿಯೊಳಗೆ, ಬೆರಳುಗಳ ಸಂದಿನಲ್ಲಿ ಉಣ್ಣಿ ಹುಡುಕಬೇಕು. ಆ ಕೆಲಸ ಅಮ್ಮನದು. ಅವರು ಕನ್ನಡಕ ಹಾಕಿಕೊಂಡು ಕುಳಿತ ಕೂಡಲೇ ಬೊಳ್ಳು ತಾನಾಗಿ ಬಂದು ಅವರ ಮಡಿಲಲ್ಲಿ ಪಾದ ಇಡುತ್ತಾನೆ.