ಮಂಡಿಯೂರುವ ಮುಹೂರ್ತ

ಹುಡುಗನೊಬ್ಬ ಹುಡುಗಿಯ ಎದುರು ಮಂಡಿಯೂರಿ, ಪುಟ್ಟ ಡಬ್ಬಿಯೊಂದನ್ನು ತೆರೆದು ಹಿಡಿದು, ‘ನನ್ನನ್ನು ಮದುವೆಯಾಗುವೆಯಾ’ ಎಂದು ಕೇಳುತ್ತಿರುವ ಚಿತ್ರಗಳು ಈಗ ನೆಂಟರಿಷ್ಟರ ಮೊಬೈಲುಗಳಲ್ಲಿಯೂ ಧಾರಾಳವಾಗಿ ಕಾಣಸಿಗುತ್ತವೆ. ಹಿಂದೆ ಒಂದು ಬೆಟ್ಟವೋ ಜಲಪಾತವೋ ಕಡಲೋ ಇರುತ್ತದೆ, ಸೂರ್ಯ ಎಷ್ಟು ಬೇಕೋ ಅಷ್ಟೇ ಇಳಿದಿರುತ್ತಾನೆ, ಹುಡುಗಿ ಎರಡೂ ಅಂಗೈಗಳಿಂದ ಬಾಯಿ ಮುಚ್ಚಿಕೊಂಡಿರುತ್ತಾಳೆ, ಸುತ್ತಮುತ್ತ ನರಪಿಳ್ಳೆಯೂ ಇರುವುದಿಲ್ಲ. ಇಂಥ ಚಿತ್ರ ನೋಡಿದಾಗಲೆಲ್ಲ, ಇರುವವರು ಇಬ್ಬರೇ ಆದರೆ ಇದನ್ನು ತೆಗೆದವರು ಯಾರು ಎಂಬ ಅರಸಿಕ ಸಂಶಯ ನನ್ನಲ್ಲಿ ಏಳುತ್ತಿತ್ತು. ಆ ಮೂರನೆಯ ವ್ಯಕ್ತಿಯ ಪಾತ್ರ ನನ್ನ ಪಾಲಿಗೇ ಬಂದ ಮೇಲೆ ತಿಳಿದದ್ದೆಂದರೆ, ಚಿತ್ರದಲ್ಲಿ ಕಾಣಿಸುವ ಇಬ್ಬರ ಪ್ರೇಮಕ್ಕಿಂತ ಕಾಣಿಸದ ಒಬ್ಬನ ಬೆವರು ಅಲ್ಲಿ ಹೆಚ್ಚು ಸುರಿದಿರುತ್ತದೆ.

ನನಗೆ ಹಕ್ಕಿಗಳ ಚಿತ್ರ ತೆಗೆಯುವ ಹವ್ಯಾಸವಿದೆ. ಅದಕ್ಕೆಂದು ಕೊಂಡ ಉದ್ದನೆಯ ಲೆನ್ಸ್ ಒಂದಿದೆ. ಅಕ್ಕನ ಮಗ ಒಂದು ದಿನ ಫೋನ್ ಮಾಡಿ, “ಮಾವ, ನಿಮ್ಮ ದೊಡ್ಡ ಲೆನ್ಸ್ ತಗೊಂಡು ಹಂಪಿಗೆ ಬರ್ತೀರಾ?” ಎಂದಾಗ, ಅವನಿಗೂ ಹಕ್ಕಿಗಳ ಹುಚ್ಚು ಹತ್ತಿತೇನೋ ಎಂದು ಹಿಗ್ಗಿದೆ. ಅವನು ವಿಷಯ ಬಿಡಿಸಿ ಹೇಳಿದ ಮೇಲೆ ನನಗೆ ಗೊಂದಲವಾಯಿತು. ಅವನೂ ಆ ಹುಡುಗಿಯೂ ಒಂದೇ ಕಚೇರಿಯಲ್ಲಿ ಕೆಲಸ ಮಾಡುವವರು, ಒಬ್ಬರನ್ನೊಬ್ಬರು ಮೆಚ್ಚಿದವರು. ಎರಡೂ ಮನೆಯವರು ಒಪ್ಪಿ, ಜಾತಕವನ್ನೂ ಕೂಡಿಸಿ, ನಿಶ್ಚಿತಾರ್ಥಕ್ಕೆ ಛತ್ರ ಹುಡುಕುತ್ತಿದ್ದರು. “ಎಲ್ಲ ಆಗಿದೆಯಲ್ಲೋ, ಇನ್ನು ಕೇಳೋದೇನು ಉಳಿದಿದೆ?” ಎಂದೆ. “ನೀವೆಲ್ಲ ಕೇಳಿದ್ದೀರಿ ಮಾವ, ನಾನು ಇನ್ನೂ ಕೇಳಿಲ್ಲ” ಎಂದ. ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಜೊತೆಗೆ ಒಂದು ಸಣ್ಣ ಸ್ವಾರ್ಥವೂ ಇತ್ತು. ನಮ್ಮ ಮದುವೆಗಳಲ್ಲಿ ವಧುವಿನ ಕೈಹಿಡಿದು ಮಂಟಪಕ್ಕೆ ಕರೆತರುವ ಗೌರವ ಅವಳ ಸೋದರಮಾವನಿಗೆ ಸಲ್ಲುತ್ತದೆಯೇ ಹೊರತು, ವರನ ಸೋದರಮಾವನಿಗೆ ಊಟದ ಪಂಕ್ತಿ ನೋಡಿಕೊಳ್ಳುವುದಕ್ಕಿಂತ ಗತ್ತಿನ ಕೆಲಸ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಹಂಪಿಯಲ್ಲಿಯೂ ಹೇಮಕೂಟವೇ ಆಗಬೇಕೆಂದು ಅವನು ಆರಿಸಿಕೊಂಡದ್ದು ಚಿತ್ರ ಚೆನ್ನಾಗಿ ಬರುತ್ತದೆಂಬ ಒಂದೇ ಕಾರಣಕ್ಕೆ. ಆದರೆ ಆ ಗುಡ್ಡಕ್ಕೆ ಈ ವಿಷಯದಲ್ಲಿ ಅನುಭವ ಬಹಳ ಹಳೆಯದು. ಸ್ಥಳಪುರಾಣದ ಪ್ರಕಾರ ಇಲ್ಲಿ ತಪಸ್ಸಿಗೆ ಕುಳಿತಿದ್ದವನು ಶಿವ, ಅವನನ್ನು ವರಿಸಲು ಪಟ್ಟುಹಿಡಿದು ತಪಸ್ಸು ಮಾಡಿದವಳು ಪಂಪೆ. ಅಂದರೆ ಮದುವೆಯ ಪ್ರಸ್ತಾಪ ಇಲ್ಲಿ ಹೆಣ್ಣಿನ ಕಡೆಯಿಂದಲೇ ಬಂದಿತ್ತು. ನಡುವೆ ದೇವತೆಗಳ ಮಾತು ಕೇಳಿ, ಮರೆಯಲ್ಲಿ ನಿಂತು, ಗುರಿಯಿಟ್ಟು ಬಾಣ ಬಿಟ್ಟ ಮನ್ಮಥನು ಮೂರನೆಯ ಕಣ್ಣಿನ ಉರಿಗೆ ಬೂದಿಯಾದ. ಬೇರೆಯವರ ಮದುವೆಗಾಗಿ ಇದೇ ಗುಡ್ಡದಲ್ಲಿ ಕಂಬದ ಮರೆಗೆ ನಿಂತು ಗುರಿಯಿಡಲಿದ್ದ ನನಗೆ ಈ ಪೂರ್ವೇತಿಹಾಸ ಅಷ್ಟೇನೂ ಧೈರ್ಯ ತುಂಬಲಿಲ್ಲ. ಶಿವನು ಕೊನೆಗೆ ಒಪ್ಪಿದಾಗ ಇಲ್ಲಿ ಹೊನ್ನಿನ ಮಳೆ ಸುರಿಯಿತಂತೆ. ಆ ನಿಶ್ಚಿತಾರ್ಥ ಇಂದಿಗೂ ಪ್ರತಿ ವರ್ಷ ಮಾರ್ಗಶಿರದಲ್ಲಿ ಫಲಪೂಜೆ ಎಂಬ ಹೆಸರಿನಲ್ಲಿ ನಡೆಯುತ್ತದೆ, ಕಲ್ಯಾಣವು ಚೈತ್ರದಲ್ಲಿ. ವಿರೂಪಾಕ್ಷನಿಗೂ ಪಂಪಾಂಬೆಗೂ ಇದರಲ್ಲಿ ಅಚ್ಚರಿಯೇನೂ ಉಳಿದಿರಲಾರದು. ತಿಥಿ ಪಂಚಾಂಗದಲ್ಲಿಯೇ ಅಚ್ಚಾಗಿರುತ್ತದೆ. ಆದರೂ ಸುತ್ತಲಿನ ಊರುಗಳ ಜನ ಪ್ರತಿ ಸಲವೂ ಹೊಸ ಸಂಬಂಧವೇ ಕುದುರಿತೆಂಬಂತೆ ಸಂಭ್ರಮದಿಂದ ಬಂದು ಸೇರುತ್ತಾರೆ.

ಇನ್ನು ಬೆಳಕಿನ ವಿಚಾರ. ಪ್ರಸ್ತಾಪದ ಚಿತ್ರ ಕೆಡುವುದು ಬಹುತೇಕ ಇಲ್ಲಿಯೇ ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಸಂಜೆಯ ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ನಿಲ್ಲುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಆಗ ಆಕಾಶ ಕೆಂಪಾಗಿ ಬರುತ್ತದೆ, ಮನುಷ್ಯರು ಕಪ್ಪಾಗುತ್ತಾರೆ, ಮಂಡಿಯೂರಿದವನು ಯಾರೆಂದು ಅವನ ತಾಯಿಗೂ ಗುರುತು ಹತ್ತುವುದಿಲ್ಲ. ಹೇಮಕೂಟದ ಅನುಕೂಲವೆಂದರೆ, ವಿರೂಪಾಕ್ಷನ ಒಂಬತ್ತು ನೆಲೆಗಳ ಪೂರ್ವ ಗೋಪುರ ಅಲ್ಲಿಂದ ಉತ್ತರ ದಿಕ್ಕಿಗೆ ಕಾಣುತ್ತದೆ. ಕ್ಯಾಮೆರಾ ಉತ್ತರಕ್ಕೆ ಮುಖಮಾಡಿದರೆ ಸೂರ್ಯ ಎಡಕ್ಕೆ ಬರುತ್ತಾನೆ. ಡಿಸೆಂಬರಿನಲ್ಲಿ ಅವನು ನೇರ ಪಶ್ಚಿಮದಲ್ಲಿ ಮುಳುಗದೆ ಸಾಕಷ್ಟು ದಕ್ಷಿಣಕ್ಕೆ ಸರಿದಿರುವುದರಿಂದ, ಗೋಪುರದ ನಮ್ಮ ಕಡೆಯ ಮೈಗೂ ಹೊಂಬಣ್ಣ ಹತ್ತುತ್ತದೆ. ಉಳಿಯುವ ಪ್ರಶ್ನೆ ಇಬ್ಬರಲ್ಲಿ ಪಶ್ಚಿಮಕ್ಕೆ ಮುಖಮಾಡುವವರು ಯಾರು ಎಂಬುದು. ಎದುರುಬದುರು ನಿಂತವರಲ್ಲಿ ಒಬ್ಬರ ಮುಖಕ್ಕೆ ಮಾತ್ರ ಬೆಳಕು ಬೀಳುತ್ತದೆ, ಇನ್ನೊಬ್ಬರದು ನೆರಳಿನಲ್ಲಿ ಉಳಿಯುತ್ತದೆ. ಬೆಳಕು ಹುಡುಗಿಗೇ ಸಲ್ಲಬೇಕು ಎಂದು ನಾನು ತೀರ್ಪು ಕೊಟ್ಟೆ. ಕೇಳುವವನ ಮುಖದಲ್ಲಿ ಭಯವೊಂದನ್ನು ಬಿಟ್ಟರೆ ನೋಡುವಂಥದ್ದೇನೂ ಇರುವುದಿಲ್ಲ, ಆ ಹೊತ್ತಿಗೆ ಚಿತ್ರವೆಲ್ಲ ಇರುವುದು ಕೇಳಿಸಿಕೊಳ್ಳುವವಳ ಮುಖದಲ್ಲಿ. ಅದೂ ಅಲ್ಲದೆ, ಅವಳು ನೆಲದತ್ತ ಬಗ್ಗಿ ನೋಡುತ್ತಿರುತ್ತಾಳೆ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಬಗ್ಗಿದ ಮುಖದ ಕಣ್ಣುಗಳು ಕಪ್ಪು ಕುಳಿಗಳಾಗಿ ಬರುತ್ತವೆ. ದಿಗಂತಕ್ಕೆ ಇಳಿದ ಸೂರ್ಯ ಮಾತ್ರ ಬಗ್ಗಿದ ಮುಖವನ್ನೂ ಪೂರ್ತಿ ಬೆಳಗಬಲ್ಲ.

ಆದರೆ ಅವನು ಕಾಯುವವನಲ್ಲ. ನಾರ್ವೆಯಂಥ ಉತ್ತರದ ನಾಡುಗಳಲ್ಲಿ ಸೂರ್ಯ ಓರೆಯಾಗಿ ಜಾರುತ್ತ ಬಹಳ ಹೊತ್ತು ಬಂಗಾರದ ಬೆಳಕು ಚೆಲ್ಲುತ್ತಾನೆ. ನಮ್ಮ ಕಡೆ ಹೆಚ್ಚುಕಡಿಮೆ ನೆಟ್ಟಗೆ ಇಳಿದುಬಿಡುತ್ತಾನೆ. ಬಿಂಬದ ಅಂಚು ದಿಗಂತಕ್ಕೆ ತಾಗಿತೆಂದರೆ ಪೂರ್ತಿ ಮರೆಯಾಗಲು ಎರಡು ನಿಮಿಷಕ್ಕಿಂತ ಸ್ವಲ್ಪವೇ ಹೆಚ್ಚು ಸಾಕು. ಹಂಪಿಯಲ್ಲಿ ಡಿಸೆಂಬರಿನ ಸೂರ್ಯಾಸ್ತ ಆರು ಗಂಟೆಯ ಆಸುಪಾಸಿನಲ್ಲಿ ಆಗುವುದರಿಂದ, ಐದೂ ಮುಕ್ಕಾಲಿಗೆ ಮೊದಲೇ ಮಂಡಿ ನೆಲ ಮುಟ್ಟಿರಬೇಕೆಂದು ಅವನಿಗೆ ಖಂಡಿತವಾಗಿ ಹೇಳಿದೆ. ಧಾರೆಯ ಮುಹೂರ್ತವಾದರೆ ಪುರೋಹಿತರು ಹೇಗೋ ಸ್ವಲ್ಪ ಹಿಂದುಮುಂದು ಮಾಡಿ ಸಂಭಾಳಿಸುತ್ತಾರೆ; ಈ ಮುಹೂರ್ತದಲ್ಲಿ ಅಂಥ ರಿಯಾಯಿತಿ ಇಲ್ಲ.

ಮಂಡಿಗೂ ಒಂದು ಲೆಕ್ಕವಿದೆ. ಕ್ಯಾಮೆರಾದ ಕಡೆಗಿರುವ ಮಂಡಿಯನ್ನು ಊರಬೇಕು, ಆಚೆಯ ಕಾಲನ್ನು ಎತ್ತಿರಬೇಕು. ತಿರುವುಮುರುವಾದರೆ ಎತ್ತಿದ ತೊಡೆಯೇ ಅಡ್ಡಬಂದು ಕೈಯನ್ನೂ ಡಬ್ಬಿಯನ್ನೂ ಮರೆಮಾಡುತ್ತದೆ. ಡಬ್ಬಿಯನ್ನು ಎದೆಯ ಮಟ್ಟದಲ್ಲಿ, ಮುಖಕ್ಕೆ ಅಡ್ಡವಾಗದಂತೆ ಹಿಡಿಯಬೇಕು. ಕೇಳಿದ ತಕ್ಷಣ ಎದ್ದುಬಿಡಬಾರದು. ಗಾಬರಿಯಾದವರು ಬೇಗ ಏಳುತ್ತಾರೆ, ಛಾಯಾಗ್ರಾಹಕನ ಕೈಗೆ ಸಿಗುವುದು ಆಗ ಅರ್ಧ ಎದ್ದ ಭಂಗಿ ಮಾತ್ರ, ಮತ್ತು ಆ ಭಂಗಿಯಲ್ಲಿ ಯಾವ ಗಂಡಸೂ ಸುಂದರವಾಗಿ ಕಂಡ ದಾಖಲೆಯಿಲ್ಲ. ನಮ್ಮ ಹುಡುಗ ಇದನ್ನೆಲ್ಲ ನನ್ನ ಮನೆಯ ತಾರಸಿಯ ಮೇಲೆ ನೀರಿನ ಟ್ಯಾಂಕಿನ ಎದುರು ಅಭ್ಯಾಸ ಮಾಡಿದ. ಪಕ್ಕದ ಮನೆಯ ಹಿರಿಯರೊಬ್ಬರು ಒಗೆದ ಬಟ್ಟೆ ತೆಗೆಯಲು ಬಂದವರು, ಅವನು ಟ್ಯಾಂಕಿಗೆ ಉಂಗುರ ನಿವೇದಿಸುತ್ತಿದ್ದುದನ್ನು ಕಂಡು ಏನೂ ಕೇಳದೆ ಕೆಳಗಿಳಿದರು. ಹಳೆಯ ಸಭ್ಯತೆ ಇನ್ನೂ ಉಳಿದಿದೆ.

ಹಂಪಿ 1986ರಲ್ಲಿಯೇ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ತಾಣ. ರಕ್ಷಿತ ಸ್ಮಾರಕಗಳ ಆವರಣದಲ್ಲಿ ಅನುಮತಿಯಿಲ್ಲದೆ ಟ್ರೈಪಾಡ್ ಊರುವಂತಿಲ್ಲ, ಡ್ರೋನ್ ಹಾರಿಸುವಂತಿಲ್ಲ. ಡ್ರೋನ್ ಇಲ್ಲವೆಂದು ಹುಡುಗ ಸಪ್ಪಗಾದ. ನನಗೇನೋ ಸಮಾಧಾನವೇ ಆಯಿತು. ನೆತ್ತಿಯ ಮೇಲೆ ಜೇನುಹುಳದಂತೆ ಗುಂಯ್‌ಗುಡುವ ಯಂತ್ರದ ಕೆಳಗೆ ಯಾರಿಗೆ ತಾನೇ ಆಪ್ತವಾದ ಮಾತು ಬಾಯಿಗೆ ಬಂದೀತು? ಕಾನೂನಿಗಿಂತ ದೊಡ್ಡ ತೊಡಕು ಅಲ್ಲಿನ ಕೋತಿಗಳದು. ಕೈಯಲ್ಲಿ ಚಿಕ್ಕ ಡಬ್ಬಿ ಹಿಡಿದು, ಅದನ್ನು ಮೆಲ್ಲನೆ ತೆರೆಯುವ ಮನುಷ್ಯನ ಉದ್ದೇಶವನ್ನು ಅವು ಒಂದೇ ರೀತಿಯಲ್ಲಿ ಅರ್ಥಮಾಡಿಕೊಳ್ಳುತ್ತವೆ. ಶಕುಂತಲೆಯ ಉಂಗುರವೇನೋ ನೀರಿಗೆ ಬಿದ್ದು, ಮೀನಿನ ಹೊಟ್ಟೆ ಸೇರಿ, ಮರಳಿ ದುಷ್ಯಂತನ ಕೈಗೆ ಬಂತು. ಹೇಮಕೂಟದ ಕೋತಿಯ ಕೈಸೇರಿದ ಉಂಗುರಕ್ಕೆ ಆ ಭರವಸೆ ಇಲ್ಲದ ಕಾರಣ, ಡಬ್ಬಿ ತೆರೆಯುವ ಮುನ್ನ ಸುತ್ತಲಿನ ಬಂಡೆಗಳನ್ನೊಮ್ಮೆ ನೋಡಬೇಕೆಂಬ ಸೂಚನೆಯನ್ನೂ ಅವನ ಪಟ್ಟಿಗೆ ಸೇರಿಸಿದೆ.

ಉಂಗುರದ ಅಳತೆಗೆ ಹುಡುಗಿಯ ತಂಗಿಯನ್ನು ಒಳಗೆ ಹಾಕಿಕೊಳ್ಳಬೇಕಾಯಿತು. ಅವಳು ಅಕ್ಕನ ಹಳೆಯ ಉಂಗುರವೊಂದನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಕದ್ದು ಅಕ್ಕಸಾಲಿಗರಿಗೆ ತೋರಿಸಿ ತಂದಳು. ಉಡುಪು ಅದಕ್ಕಿಂತ ಕಷ್ಟದ ವಿಷಯ. ಹಂಪಿಯ ಬಂಡೆಗಳು ಕಂದು. ಕಂದು ಅಥವಾ ಮಾಸಲು ಹಳದಿ ಉಟ್ಟವರು ಅದರಲ್ಲಿ ಕರಗಿಹೋಗುತ್ತಾರೆ, ಕೆಂಪೋ ಗಾಢ ಹಸಿರೋ ಎದ್ದು ಕಾಣುತ್ತದೆ. ಆದರೆ ಜೀನ್ಸ್ ತೊಟ್ಟು ಬಂಡೆ ಹತ್ತಲು ಹೊರಟವಳಿಗೆ ಇವತ್ತು ಕೆಂಪು ಸೀರೆ ಉಡು ಎಂದು ಹೇಳಿದರೆ ಗುಟ್ಟು ಅಲ್ಲಿಗೇ ರಟ್ಟಾದಂತೆ. ಕೊನೆಗೆ ತಂಗಿಯೇ, ವಿರೂಪಾಕ್ಷನ ದರ್ಶನಕ್ಕೆ ಸೀರೆಯಲ್ಲಿಯೇ ಹೋಗೋಣವೆಂದು ಹಟಮಾಡಿ, ತಾನೂ ಒಂದು ಸೀರೆಯ ಕಷ್ಟ ಅನುಭವಿಸಿದಳು. ಹೀಗೆ ಒಬ್ಬಳಿಂದ ಮುಚ್ಚಿಡಬೇಕಾದ ಗುಟ್ಟು ತಂಗಿಗೆ, ನನಗೆ, ನನ್ನಿಂದ ಅಕ್ಕನಿಗೆ, ಅಕ್ಕನಿಂದ ಬೀಗರಾಗಲಿರುವವರಿಗೆ ತಲುಪಿ, ಹೊರಡುವ ಹೊತ್ತಿಗೆ ಎರಡೂ ಮನೆಗಳಲ್ಲಿ ಅದನ್ನು ತಿಳಿಯದೆ ಇದ್ದವರನ್ನು ಹುಡುಕಬೇಕಾಗಿತ್ತು. ಹಿರಿಯರು ಕೂಡಿಸಿದ ಸಂಬಂಧದಿಂದ ತಪ್ಪಿಸಿಕೊಂಡು ತಮ್ಮದೇ ಒಂದು ಕ್ಷಣವನ್ನು ಪಡೆಯಲು ಹೊರಟವರು ಅದೇ ಹಿರಿಯರ ಸಮಿತಿಯ ಸಹಾಯದಿಂದಲೇ ಅದನ್ನು ಪಡೆಯುವುದು ನಮ್ಮಲ್ಲಿ ಮಾತ್ರ ಸಾಧ್ಯ.

ಮಂಡಿಯೂರುವುದಾಗಲಿ ವಜ್ರದ ಉಂಗುರವಾಗಲಿ ನಮ್ಮ ಕಡೆಯದಲ್ಲ ಎಂದು ಮೂಗು ಮುರಿಯುವವರಿದ್ದಾರೆ. ನಿಜವೇ. 1477ರಲ್ಲಿ ಆಸ್ಟ್ರಿಯಾದ ಮ್ಯಾಕ್ಸಿಮಿಲಿಯನ್ ಬರ್ಗಂಡಿಯ ಮೇರಿಗೆ ಕೊಟ್ಟ ವಜ್ರದುಂಗುರದಿಂದ ಈ ಕಥೆಯನ್ನು ಶುರುಮಾಡುವುದು ವಾಡಿಕೆ. ಅದು ಸಾಮಾನ್ಯರ ಮನೆಗೂ ಇಳಿದುಬಂದದ್ದರಲ್ಲಿ, ವಜ್ರ ಎಂದೆಂದಿಗೂ ಇರುವಂಥದ್ದು ಎಂದು 1947ರಲ್ಲಿ ಡಿ ಬೀರ್ಸ್ ಕಂಪನಿಗಾಗಿ ಬರೆಯಲಾದ ಜಾಹೀರಾತಿನ ವಾಕ್ಯದ ಪಾಲು ದೊಡ್ಡದು. ನನಗೆ ಇದರ ಮೂಲದ ಬಗ್ಗೆ ತಕರಾರಿಲ್ಲ. ನಮ್ಮ ಮದುವೆಗಳಿಗೆ ಹೊರಗಿನಿಂದ ಬಂದ ಕೇಕು, ಬ್ಯಾಂಡು, ಸೂಟುಗಳ ನಡುವೆ ಒಂದು ಮಂಡಿ ಭಾರವಾಗಲಾರದು. ತಕರಾರಿರುವುದು ಜನಜಂಗುಳಿಯ ನಡುವೆ, ಉತ್ತರ ಗೊತ್ತಿಲ್ಲದೆ ಕೇಳುವುದರ ಬಗ್ಗೆ. ಸಾವಿರ ಜನ ಮೊಬೈಲು ಎತ್ತಿ ಹಿಡಿದಿರುವಾಗ ಹೆಣ್ಣೊಬ್ಬಳು ‘ಯೋಚಿಸಿ ಹೇಳುತ್ತೇನೆ’ ಎನ್ನುವುದಾದರೂ ಹೇಗೆ? 2019ರಲ್ಲಿ ಮೈಸೂರಿನ ಯುವ ದಸರಾ ವೇದಿಕೆಯ ಮೇಲೆ ಗಾಯಕರೊಬ್ಬರು ತಮ್ಮ ಗೆಳತಿಗೆ ಉಂಗುರ ತೊಡಿಸಿದಾಗ ಎದ್ದ ಗದ್ದಲ ನಾಡಹಬ್ಬದ ವೇದಿಕೆಯನ್ನು ಸ್ವಂತಕ್ಕೆ ಬಳಸಿದ್ದರ ಬಗ್ಗೆ. ಆ ಇಬ್ಬರೂ ಪರಸ್ಪರ ಒಪ್ಪಿದವರೇ ಆಗಿದ್ದರಿಂದ ನನ್ನ ತಕರಾರು ಅವರಿಗೆ ಅನ್ವಯಿಸುವುದಿಲ್ಲ. ಜಾಗ ಮತ್ತು ಗಳಿಗೆ ಗುಟ್ಟಾಗಿರಲಿ, ಪ್ರಶ್ನೆ ಗುಟ್ಟಾಗಿರಬಾರದು. ಆ ದೃಷ್ಟಿಯಿಂದ, ಛತ್ರಕ್ಕೆ ಮುಂಗಡ ಕೊಡಲು ಹೊರಟಿದ್ದ ನಮ್ಮ ಹುಡುಗನ ಪ್ರಸ್ತಾಪ ಅತ್ಯಂತ ಸುರಕ್ಷಿತವಾದದ್ದಾಗಿತ್ತು.

ಆ ಸಂಜೆ ನಾನು ಮೊದಲೇ ಹೋಗಿ, ಮೂವತ್ತು ಮೀಟರಿನಷ್ಟು ದೂರದ ಕಲ್ಲುಮಂಟಪದಲ್ಲಿ ಕಂಬದ ಮರೆಗೆ ಕುಳಿತೆ. ಷಟರಿನ ಸದ್ದು ಅಡಗಿಸಿ, ಸೆಕೆಂಡಿನ ಐನೂರನೆಯ ಒಂದು ಭಾಗದ ವೇಗಕ್ಕಿಟ್ಟು, ಒತ್ತಿದಷ್ಟು ಹೊತ್ತೂ ಸಾಲಾಗಿ ಚಿತ್ರ ಬೀಳುವಂತೆ ಸಿದ್ಧಮಾಡಿಕೊಂಡೆ. ಹುಡುಗ ಕಪ್ಪು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಳ್ಳುವುದೇ ನಮ್ಮ ಸನ್ನೆ. ಅವನು ಕನ್ನಡಕ ತೆಗೆದ, ಬಂಡೆಗಳತ್ತ ಕೋತಿಗಳಿಗಾಗಿ ಕಣ್ಣಾಡಿಸಿದ, ಅಭ್ಯಾಸದಂತೆ ಸರಿಯಾದ ಮಂಡಿಯನ್ನೇ ಊರಿದ. ಹುಡುಗಿ ತಾನಾಗಿಯೇ ಪಶ್ಚಿಮಕ್ಕೆ ತಿರುಗಿ ನಿಂತಿದ್ದಳು. ಅವಳ ಕೈಗಳು ಬಾಯಿಗೆ ಹೋದವು, ಕಣ್ಣು ತುಂಬಿದವು, ಸೆರಗಿಗೆ ಹೊಂಬಿಸಿಲು ಬಿತ್ತು, ಹಿಂದೆ ಗೋಪುರ ಬೆಳಗುತ್ತಿತ್ತು. ಆಚೆಯ ಬಂಡೆಯ ಮೇಲೆ ಕುಳಿತಿದ್ದ ಶಾಲಾಪ್ರವಾಸದ ಮಕ್ಕಳು ಕಾರಣ ತಿಳಿಯದೆಯೇ ಚಪ್ಪಾಳೆ ತಟ್ಟಿದರು.

ರಾತ್ರಿ ಹೊಸಪೇಟೆಯ ಕೋಣೆಯಲ್ಲಿ ಕುಳಿತು ಚಿತ್ರಗಳನ್ನು ಒಂದೊಂದಾಗಿ ನೋಡುತ್ತ ಬಂದೆ. ನಡುವೆ ಒಂದರಲ್ಲಿ, ಹುಡುಗ ತಲೆ ತಗ್ಗಿಸಿ ಜೇಬಿನಿಂದ ಡಬ್ಬಿ ಹೊರತೆಗೆಯಲು ಒದ್ದಾಡುತ್ತಿದ್ದಾನೆ. ಹುಡುಗಿ ಸೆರಗು ಸರಿಮಾಡಿಕೊಂಡು, ಕತ್ತನ್ನು ತುಸುವೇ ಹೊರಳಿಸಿ, ನೇರವಾಗಿ ನನ್ನ ಕಂಬದ ಕಡೆಗೆ ನೋಡುತ್ತಿದ್ದಾಳೆ. ಮುಖದಲ್ಲಿ ಅಚ್ಚರಿಯ ಸುಳಿವೂ ಇಲ್ಲ. ಬೆಳಕು ಸರಿಯಿದೆಯೇ ಎಂದು ಕೇಳುವಂಥ ಒಂದು ನಗು ಮಾತ್ರ ಇದೆ. ಉಳಿದವನ್ನೆಲ್ಲ ಹುಡುಗನಿಗೆ ಕಳುಹಿಸಿ, ಇದೊಂದನ್ನು ಅವಳಿಗೆ ಮಾತ್ರ ಕಳುಹಿಸಿದೆ. ಉತ್ತರ ತಕ್ಷಣವೇ ಬಂತು: “ತುಂಬಾ ಚೆನ್ನಾಗಿದೆ ಮಾವ. ಡಿಲೀಟ್ ಮಾಡಿಬಿಡಿ.”