ವಕೀಲ್ರು ನಕ್ರು, ಕಾಕಾನೂ ನಕ್ಕ

ರೋಣದ ಕಡೆ ನಮ್ಮ ಕಾಕಾನದು ಒಂದು ಹೊಲದ ವಾಟ್ನಿ ಕೇಸು ಇತ್ತು. ಧಾರವಾಡಕ್ಕೆ ಹೈಕೋರ್ಟ್ ಪೀಠ ಬಂದದ್ದು 2008ರಲ್ಲಿ, ಇದು ಅದಕ್ಕೂ ಹಿಂದಿನ ಮಾತು. ತಾರೀಖು ಇದ್ದಾಗ ಬುತ್ತಿ ಕಟ್ಟಿಕೊಂಡು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಿ, ಮರುದಿನ ರಾತ್ರಿ ಬಸ್ಸಿಗೇ ವಾಪಸ್ ಬರುತ್ತಿದ್ದ. ಒಮ್ಮೆ "ಏನಾತು ಕಾಕಾ?" ಅಂತ ಕೇಳಿದೆ. "ಎಲ್ಲಾ ಇಂಗ್ಲಿಷ್‌ನ್ಯಾಗ ಮಾತಾಡಿದ್ರಪಾ. ವಕೀಲ್ರು ನಕ್ರು, ನಾನೂ ನಕ್ಕೆ" ಅಂದ.

ಅಂತಾರಾಷ್ಟ್ರೀಯ ಕೋರ್ಟುಗಳ ಬಗ್ಗೆ ಓದಿದಾಗೆಲ್ಲ ನನಗೆ ಆ ನಗು ನೆನಪಾಗುತ್ತದೆ. ಯುಗೊಸ್ಲಾವಿಯಾ ಯುದ್ಧದ ಅಪರಾಧಗಳ ವಿಚಾರಣೆಗೆ ವಿಶ್ವಸಂಸ್ಥೆ 1993ರಲ್ಲಿ ಒಂದು ನ್ಯಾಯಮಂಡಳಿ ಮಾಡಿತು. ಹೆಣ ಬಿದ್ದದ್ದು ಆ ದೇಶ ಒಡೆದು ಆದ ಬೋಸ್ನಿಯಾದಂಥ ಕಡೆ, ಕೋರ್ಟು ಕೂತದ್ದು ನೆದರ್ಲೆಂಡ್ಸ್‌ನ ಹೇಗ್‌ನಲ್ಲಿ, ಅಧಿಕೃತ ಭಾಷೆ ಇಂಗ್ಲಿಷು ಮತ್ತು ಫ್ರೆಂಚು. ಕೋರ್ಟಿನಲ್ಲಿ ಏನು ನಡೀತಿದೆ ಅಂತ ಅಲ್ಲಿನ ಜನರಿಗೆ ತಿಳಿಸೋಕೆ ಬೇರೆ ಕಾರ್ಯಕ್ರಮ ಶುರುವಾಗಿದ್ದು 1999ರಲ್ಲಿ. ಅಷ್ಟೊತ್ತಿಗೆ ಅಲ್ಲಿನ ರಾಜಕಾರಣಿಗಳು ತಮಗೆ ಬೇಕಾದ ಕಥೆ ಹೇಳಿ ಮುಗಿಸಿದ್ದರು. ಆರು ವರ್ಷ ಸುಮ್ನೆ ಕೂತು, ಆಮೇಲೆ ಜನ ನಮ್ಮನ್ನ ನಂಬೋದಿಲ್ಲ ಅಂದ್ರೆ ಹೇಗೆ?

ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ದು ಬೇರೆ ಥರ. ಅಲ್ಲಿನ ಅಂತರ್ಯುದ್ಧದ ಅಪರಾಧಗಳ ವಿಚಾರಣೆಗೆ 2002ರಲ್ಲಿ ಬಂದ ಕೋರ್ಟು ಆ ದೇಶದ ರಾಜಧಾನಿ ಫ್ರೀಟೌನ್‌ನಲ್ಲೇ ಕೂತಿತು. ಸಿಬ್ಬಂದಿ ಹಳ್ಳಿಗಳಿಗೆ ಹೋಗಿ ಸಭೆ ಮಾಡಿದರು, ರೇಡಿಯೋದಲ್ಲಿ ಮಾತಾಡಿದರು, ವಿಚಾರಣೆಯ ವಿಡಿಯೋ ತೋರಿಸಿದರು. ಮರುವರ್ಷ ಅದೇ ಕೋರ್ಟು ಸ್ಯಾಮ್ ಹಿಂಗಾ ನಾರ್ಮನ್ ಅವರನ್ನು ಬಂಧಿಸಿತು. ಆಗ ಅವರು ಮಂತ್ರಿ, ಬಂಡುಕೋರರ ವಿರುದ್ಧ ಕಾದಿದ ಪಡೆಯ ನಾಯಕ, ಎಷ್ಟೋ ಜನಕ್ಕೆ ಹೀರೋ. ನಮ್ಮನ್ನ ಕಾಪಾಡಿದವರನ್ನೇ ಯಾಕೆ ಹಿಡಿದ್ರಿ ಅಂತ ಸಿಟ್ಟಾದವರ ಮುಂದೆಯೂ ಹೋಗಿ ನಿಲ್ಲಬೇಕಾಯಿತು. ಎಲ್ಲರೂ ಒಪ್ಪಿಕೊಂಡರು ಅಂತ ಹೇಳ್ತಿಲ್ಲ. ಆದರೆ ಬೈಯೋಕಾದರೂ ಎದುರಿಗೆ ಒಬ್ಬರು ಸಿಕ್ಕರಲ್ವಾ? ಅಷ್ಟಾಗಿಯೂ ಪಕ್ಕದ ಲೈಬೀರಿಯಾದ ಮಾಜಿ ಅಧ್ಯಕ್ಷ ಚಾರ್ಲ್ಸ್ ಟೇಲರ್ ಕೇಸನ್ನು ಭದ್ರತೆಯ ಕಾರಣ ಕೊಟ್ಟು ಹೇಗ್‌ಗೆ ಒಯ್ದರು, ಅದು ಬೇರೆ ಮಾತು. ಕಾಂಬೋಡಿಯಾದಲ್ಲಂತೂ ಖ್ಮೇರ್ ರೂಜ್ ಆಡಳಿತದ ಹತ್ಯೆಗಳ ಕೇಸು ನಡೆದಾಗ ಹಳ್ಳಿಯವರನ್ನು ಪುಕ್ಕಟೆ ಬಸ್ಸಿನಲ್ಲಿ ಕರೆತಂದು ವಿಚಾರಣೆ ನೋಡಿಸಿದರು.

ನಮ್ಮಲ್ಲಿ ಕಾನೂನು ಅರಿವು ಶಿಬಿರ ಅಂತ ನಾನು ಕೂತುಬಂದವೆಲ್ಲ ಒಂದೇ ನಮೂನೆ. ಬ್ಯಾನರ್, ಶಾಲು, ಸ್ವಾಗತ ಭಾಷಣ, ವಂದನಾರ್ಪಣೆ. ಜನರಿಗೆ ಪ್ರಶ್ನೆ ಕೇಳೋಕೆ ಸಿಗೋದು ಉಪ್ಪಿಟ್ಟು ತಿನ್ನೋ ಹೊತ್ತು ಮಾತ್ರ, ಆಗ ಸಾಹೇಬರು ಕಾರು ಹತ್ತಿರುತ್ತಾರೆ.

ಈಗ ಹೈಕೋರ್ಟ್ ಕಲಾಪ ಯೂಟ್ಯೂಬಿನಲ್ಲೇ ಬರುತ್ತದೆ. ಹೋದ ತಿಂಗಳು ಕಾಕಾನಿಗೆ ಮೊಬೈಲಿನಲ್ಲಿ ಹಾಕಿ ತೋರಿಸಿದೆ. ಚಸ್ಮಾ ಏರಿಸಿಕೊಂಡು ಹತ್ತು ನಿಮಿಷ ನೋಡಿದ. "ಚಲೋ ಕಾಣತೈತಿ. ಅವ್ರು ಏನ್ ಅನ್ನಾಕತ್ತಾರ, ಅದನ್ನ ಹೇಳಪಾ" ಅಂದ.