ಶುಕ್ರವಾರ ರಾತ್ರಿಯ ಶನಿವಾರದ ಫ್ಲೈಟು

2021ರ ಡಿಸೆಂಬರಿನಲ್ಲಿ ನಾನು ಅಮೆರಿಕಕ್ಕೆ ಮರಳಬೇಕಿದ್ದ ಟಿಕೆಟ್ಟಿನ ಮೇಲೆ ಅಚ್ಚಾಗಿದ್ದದ್ದು 11ನೇ ತಾರೀಖು, ಶನಿವಾರ, ಬೆಳಗಿನ ಜಾವ 2:20. ಮನೆಯಲ್ಲಿ ಯಾರೂ ಅದನ್ನು ಶನಿವಾರದ ಫ್ಲೈಟು ಅನ್ನಲಿಲ್ಲ. ಅಮ್ಮನಿಗೆ ಅದು ‘ಶುಕ್ರವಾರ ರಾತ್ರಿ’, ಕಾರಿನ ಡ್ರೈವರಿಗೂ ಶುಕ್ರವಾರ ರಾತ್ರಿ, ನಿಜ ಹೇಳಬೇಕೆಂದರೆ ನನಗೂ ಅಷ್ಟೆ. ಹೊತ್ತು ಹುಟ್ಟುವ ತನಕ ನಮ್ಮ ಪಾಲಿಗೆ ದಿನ ಬದಲಾಗುವುದಿಲ್ಲ. ಹೊರದೇಶದಲ್ಲಿ ಇಷ್ಟು ವರ್ಷ ಕಳೆದರೂ ಈ ಲೆಕ್ಕ ನನ್ನ ತಲೆಯಿಂದ ಹೋಗಿಲ್ಲ. ಅಮೆರಿಕದ ವಿಮಾನ ಹತ್ತಲು ಆಗ ಕೋವಿಡ್ ನೆಗೆಟಿವ್ ವರದಿ ಬೇಕಿತ್ತು. ಹಾಗಾಗಿ ‘ಹೊರಡುವ ಒಂದು ದಿನ ಮುಂಚೆ ಕೋವಿಡ್ ಟೆಸ್ಟ್’ ಅಂದಾಗ ಗುರುವಾರ ಬೆಳಿಗ್ಗೆಯೇ ಲ್ಯಾಬಿನ ಹುಡುಗನನ್ನು ಮನೆಗೆ ಕರೆಸಿ, ಮೂಗಿಗೆ ಕಡ್ಡಿ ಹಾಕಿಸಿಕೊಂಡು, ಒಂದು ಕೆಲಸ ಮುಗಿಯಿತು ಅಂತ ಸೂಟ್‌ಕೇಸ್ ತೂಕ ನೋಡಲು ಕೂತೆ.

ಆ ಟೆಸ್ಟ್ ದಂಡ.

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳಿದ್ದ ‘ಒಂದು ದಿನ’ 24 ಗಂಟೆಯಲ್ಲ, ಕ್ಯಾಲೆಂಡರಿನ ದಿನ. ವಿಮಾನ ಶುಕ್ರವಾರ ಮಧ್ಯಾಹ್ನ ಒಂದಕ್ಕಿದ್ದರೆ ಗುರುವಾರ ಯಾವ ಹೊತ್ತಿನಲ್ಲಿ ಸ್ಯಾಂಪಲ್ ಕೊಟ್ಟಿದ್ದರೂ ನಡೆಯುತ್ತದೆ ಅಂತ ಅವರೇ ಉದಾಹರಣೆ ಕೊಟ್ಟಿದ್ದರು. ನನ್ನದು ಶನಿವಾರದ ವಿಮಾನ. ಅಂದಮೇಲೆ ಸ್ಯಾಂಪಲ್ ಶುಕ್ರವಾರದ್ದೋ ಶನಿವಾರದ್ದೋ ಆಗಿರಬೇಕು, ಗುರುವಾರದ್ದು ಆಗದು. ಇದರಲ್ಲೊಂದು ತಮಾಷೆ ನೋಡಿ: ಶುಕ್ರವಾರ ರಾತ್ರಿ 11:50ಕ್ಕೆ ಹೊರಡುವವನಿಗೆ ಹೆಚ್ಚುಕಡಿಮೆ 48 ಗಂಟೆ ಕೈಯಲ್ಲಿರುತ್ತದೆ; ಎರಡೂವರೆ ಗಂಟೆ ತಡವಾಗಿ ಹೊರಡುವ ನನಗೆ ಸಿಗುವುದು ಬರೀ 26. ಭಾರತದಿಂದ ಪಶ್ಚಿಮಕ್ಕೆ ಹೋಗುವ ಎಷ್ಟೋ ವಿಮಾನಗಳು ನಡುರಾತ್ರಿ ದಾಟಿದ ಮೇಲೇ ಹೊರಡುವುದು, ಆದ್ದರಿಂದ ಈ ಹಳ್ಳಕ್ಕೆ ಬಿದ್ದವನು ನಾನೊಬ್ಬನೇ ಆಗಿರಲಾರೆ.

ನಾನು ನವೆಂಬರಿನಲ್ಲಿ ಊರಿಗೆ ಹೊರಟಾಗ ಈ ನಿಯಮವೇ ಇರಲಿಲ್ಲ ಅನ್ನುವುದನ್ನೂ ಹೇಳಬೇಕು. ಲಸಿಕೆ ಪೂರ್ತಿ ಆದವರಿಗೆ ಆಗ ಮೂರು ದಿನದ ಅವಕಾಶವಿತ್ತು. ಕೋವಿಡ್ಡಿನ ಹೊಸ ತಳಿ ಒಮಿಕ್ರಾನ್ ಕಾಣಿಸಿಕೊಂಡಿತು, ಡಿಸೆಂಬರ್ 2ಕ್ಕೆ ಪ್ರಕಟಣೆ ಬಂತು, 6ರಿಂದ ಎಲ್ಲರಿಗೂ ಒಂದೇ ದಿನ ಅಂತಾಯಿತು. ನಾಲ್ಕು ದಿನದ ನೋಟಿಸು. ರೋಗ ಯಾರಿಗೂ ಕಾಯುವುದಿಲ್ಲ, ಒಪ್ಪಿದೆ. ಆದರೆ ಆಗಲೇ ಅಮೆರಿಕ ಬಿಟ್ಟು ಬಂದವರು ಟಿಕೆಟ್ ಹಿಡಿದುಕೊಂಡು ನಡುದಾರಿಯಲ್ಲಿರುತ್ತಾರೆ.

ಇಷ್ಟಾದರೂ ನನ್ನ ಓಟು ತಾರೀಖಿನ ಲೆಕ್ಕಕ್ಕೇ. ಯಾಕೆಂದರೆ ಗಂಟೆಯ ಲೆಕ್ಕದ ರುಚಿಯನ್ನು ನಾನು ಹೋಗುವಾಗ ನೋಡಿದ್ದೆ.

ಭಾರತ ಕೇಳುತ್ತಿದ್ದದ್ದು ಪ್ರಯಾಣಕ್ಕೆ ಮುಂಚಿನ 72 ಗಂಟೆಯೊಳಗೆ ಲ್ಯಾಬಿನಲ್ಲಿ ಮಾಡಿಸಿದ ಆರ್‌ಟಿ-ಪಿಸಿಆರ್. ಓದಲು ಸಲೀಸು. ಆದರೆ ಪ್ರಯಾಣ ಅಂದರೆ ಎಲ್ಲಿಂದ? ಮನೆ ಹತ್ತಿರದ ಸಣ್ಣ ನಿಲ್ದಾಣದಿಂದ ದೊಡ್ಡ ನಿಲ್ದಾಣಕ್ಕೆ ಒಂದು ವಿಮಾನ, ಅಲ್ಲಿಂದ ಭಾರತಕ್ಕೆ ಇನ್ನೊಂದು, ನಡುವೆ ಏಳೆಂಟು ಗಂಟೆ ಕಾಯುವುದು. ಗಡಿಯಾರ ಯಾವ ವಿಮಾನಕ್ಕೆ ನಿಲ್ಲುತ್ತದೆ? ವಿಮಾನ ಕಂಪನಿಗೆ ಎರಡು ಸಲ ಫೋನ್ ಮಾಡಿದೆ, ಎರಡು ಉತ್ತರ ಬಂತು. ಸಿಡಿಸಿ ಇದೇ ಪ್ರಶ್ನೆಗೆ ಬರೆದೇ ಉತ್ತರ ಕೊಟ್ಟಿತ್ತು: ಎಲ್ಲ ವಿಮಾನಗಳೂ ಒಂದೇ ಬುಕಿಂಗಿನಲ್ಲಿದ್ದು, ನಡುವಿನ ಯಾವ ನಿಲುಗಡೆಯೂ 24 ಗಂಟೆ ಮೀರದಿದ್ದರೆ ಮೊದಲ ವಿಮಾನದಿಂದ ಎಣಿಸಿ, ಬೇರೆ ಬೇರೆ ಬುಕಿಂಗ್ ಆಗಿದ್ದರೆ ಅಮೆರಿಕಕ್ಕೆ ಬರುವ ವಿಮಾನದಿಂದ. ನೀರಸ ವಾಕ್ಯ, ಆದರೆ ನಡುರಾತ್ರಿ ಓದಿದರೆ ನೆಮ್ಮದಿಯಾಗಿ ನಿದ್ದೆ ಬರುತ್ತದೆ, ಅದು ದೊಡ್ಡದು.

ಅಮೆರಿಕದಲ್ಲಿ 72 ಗಂಟೆ ಸಾಲದೇ ಬರುತ್ತಿದ್ದದ್ದಕ್ಕೆ ಇನ್ನೊಂದು ಕಾರಣ ಲ್ಯಾಬು. ಕಾರಿನಲ್ಲೇ ಕೂತು, ಕಿಟಕಿಯಾಚೆ ಔಷಧಿ ಅಂಗಡಿಯವರು ಕೊಟ್ಟ ಕಡ್ಡಿಯನ್ನು ನಾವೇ ಮೂಗಿನೊಳಗೆ ತಿರುಗಿಸಿ, ಬಾಟಲಿಗೆ ಹಾಕಿ ಡಬ್ಬಿಗೆ ಬಿಡುವುದು. ಫಲಿತಾಂಶ ಯಾವಾಗ ಅಂದರೆ ‘ಸಾಮಾನ್ಯವಾಗಿ ಒಂದೆರಡು ದಿನ’. ಆ ‘ಸಾಮಾನ್ಯವಾಗಿ’ ಎಂಬ ಪದದ ಮೇಲೆ ಟಿಕೆಟ್ ನಿಂತಿರುತ್ತದೆ. ಕೇಳೋಣವೆಂದರೆ ಫೋನಿನ ಆ ಕಡೆ ಮನುಷ್ಯರೇ ಸಿಗುವುದಿಲ್ಲ. ನಾನು ಎರಡು ಕಡೆ ಸ್ಯಾಂಪಲ್ ಕೊಟ್ಟೆ. ಒಂದರ ವರದಿ ಮಾರನೆ ದಿನ ಸಂಜೆಗೇ ಬಂತು. ಇನ್ನೊಂದು ಬಂದದ್ದು ನಾನು ಭಾರತದಲ್ಲಿ ಇಳಿದು ಎರಡು ದಿನವಾದ ಮೇಲೆ. ಅದೂ ನೆಗೆಟಿವ್ವೇ ಅನ್ನಿ.

ಆಮೇಲೆ ಏರ್ ಸುವಿಧಾ, ಭಾರತಕ್ಕೆ ಬರುವವರು ಮುಂಚೆಯೇ ಆನ್‌ಲೈನಿನಲ್ಲಿ ತುಂಬಬೇಕಿದ್ದ ಫಾರಂ. ಪಾಸ್‌ಪೋರ್ಟು, ವರದಿ ಎರಡನ್ನೂ ಸ್ಕ್ಯಾನ್ ಮಾಡಿ ಏರಿಸಬೇಕಿತ್ತು, ಹಿಂದಿನ 14 ದಿನದಲ್ಲಿ ಎಲ್ಲೆಲ್ಲಿ ಓಡಾಡಿದ್ದಿರಿ ಬರೆಯಬೇಕಿತ್ತು, ಸೀಟ್ ನಂಬರನ್ನೂ ತುಂಬಬೇಕಿತ್ತು. ಚೆಕ್-ಇನ್ ಆಗದೆ ಸೀಟ್ ನಂಬರ್ ಇಲ್ಲ, ಈ ಫಾರಂ ಇಲ್ಲದೆ ಬೋರ್ಡಿಂಗ್ ಪಾಸ್ ಇಲ್ಲ. ನಾನು ಬಾಯಿಗೆ ಬಂದ ಒಂದು ಸೀಟ್ ಬರೆದೆ, ಯಾರೂ ಕೇಳಲಿಲ್ಲ.

ಅಮೆರಿಕದ್ದು ಬೇರೆ ದಾರಿ. ಮುಂಗಡ ಪೋರ್ಟಲ್ ಇರಲಿಲ್ಲ. ನನ್ನ ಬಳಿ ನೆಗೆಟಿವ್ ವರದಿ ಇದೆ ಅಂತ ಒಂದು ಹಾಳೆಗೆ ಸಹಿ, ಕೌಂಟರಿನಲ್ಲಿ ವರದಿ ತೋರಿಸುವುದು, ಮುಗಿಯಿತು. ಅರ್ಧ ಗಂಟೆಯಲ್ಲಿ ಮುಗಿಯುವ ಆಂಟಿಜೆನ್ ಟೆಸ್ಟೂ ಸಾಕಿತ್ತು. ವಿಡಿಯೊ ಕರೆಯಲ್ಲಿ ಆರೋಗ್ಯ ಸಿಬ್ಬಂದಿ ನೋಡುತ್ತಿರುವಾಗ ಮನೆಯಲ್ಲೇ ಮಾಡಿಕೊಂಡ ಟೆಸ್ಟನ್ನೂ ಷರತ್ತಿನ ಮೇಲೆ ಒಪ್ಪುತ್ತಿದ್ದರು. ಕೋವಿಡ್ ಬಂದು ಹೋದವರಿಗೆ 90 ದಿನದೊಳಗಿನ ಪಾಸಿಟಿವ್ ವರದಿ, ಜೊತೆಗೆ ಪ್ರಯಾಣ ಮಾಡಬಹುದೆಂಬ ವೈದ್ಯರ ಪತ್ರ ಇದ್ದರೆ ಸಾಕಿತ್ತು. ವಾಸಿಯಾದ ಮೇಲೂ ಪಿಸಿಆರ್ ವಾರಗಟ್ಟಲೆ ಪಾಸಿಟಿವ್ ತೋರಿಸಬಹುದು ಅನ್ನುವುದನ್ನು ನಿಯಮ ಮಾಡಿದವರು ಯೋಚಿಸಿದ್ದರು.

ಹಾಗಂತ ಭಾರತದ ನಿಯಮಕ್ಕೆ ಕರುಳಿರಲಿಲ್ಲ ಅನ್ನಲಾರೆ. 2021ರ ಫೆಬ್ರವರಿ 22ರಿಂದ ಜಾರಿಗೆ ಬಂದ ಮಾರ್ಗಸೂಚಿಯಲ್ಲಿ, ಮನೆಯಲ್ಲಿ ಸಾವಾಗಿ ಹೊರಟವರು ನೆಗೆಟಿವ್ ವರದಿ ಇಲ್ಲದೆಯೂ ಬರಬಹುದು, ಇಳಿದ ಮೇಲೆ ಟೆಸ್ಟ್ ಮಾಡುತ್ತೇವೆ ಎಂದಿತ್ತು. ಹೊರನಾಡಿನವರಿಗೆ ರಾತ್ರಿ ಎರಡು ಗಂಟೆಗೆ ಬರುವ ಫೋನಿನ ಭಯ ಗೊತ್ತಿದ್ದವರೇ ಈ ಸಾಲು ಬರೆದಿರಬೇಕು. ಆದರೆ ಮುಂದಿನ ಸಾಲು ಬೇರೆ ಯಾರೋ ಬರೆದದ್ದು: ಈ ರಿಯಾಯಿತಿಗೆ ವಿಮಾನ ಹತ್ತುವ 72 ಗಂಟೆ ಮುಂಚೆ ಅರ್ಜಿ ಹಾಕಬೇಕು! ಅಷ್ಟು ಹೊತ್ತಿಗೆ ಊರಲ್ಲಿ ಎಲ್ಲ ಮುಗಿದಿರುತ್ತದೆ. 72 ಗಂಟೆ ಇದ್ದಿದ್ದರೆ ಟೆಸ್ಟನ್ನೇ ಮಾಡಿಸಿಕೊಳ್ಳುತ್ತಿದ್ದರಲ್ಲ.

ಗುರುವಾರಕ್ಕೆ ಮರಳುತ್ತೇನೆ. ತಪ್ಪು ಗೊತ್ತಾದದ್ದು ರಾತ್ರಿ, ಸಿಡಿಸಿಯ ಆ ಪುಟವನ್ನು ಎರಡನೇ ಸಲ ಓದಿದಾಗ. ಲ್ಯಾಬಿನ ಹುಡುಗನಿಗೆ ಫೋನ್ ಮಾಡಿದರೆ ಎತ್ತಿದ, ಇದನ್ನು ಅಮೆರಿಕದಲ್ಲಿ ಕನಸಿನಲ್ಲೂ ಎಣಿಸುವಂತಿಲ್ಲ. ‘ಬೆಳಿಗ್ಗೆ ಆರೂವರೆಗೆ ಬರ್ತೀನಿ ಸಾರ್.’ ಬಂದ. ಈ ಸಲ ಆಂಟಿಜೆನ್ನೇ ಸಾಕಪ್ಪ, ಅರ್ಧ ಗಂಟೆಯಲ್ಲಿ ಮುಗಿಯುತ್ತೆ ಅಂದೆ. ‘ಇಲ್ಲ ಸಾರ್, ಫಾರಿನ್ನಿಗೆ ಆರ್‌ಟಿ-ಪಿಸಿಆರೇ ಆಗ್ಬೇಕು.’ ಫೋನಿನಲ್ಲಿ ನಿಯಮ ತೋರಿಸಿದೆ. ಓದಿ ತಲೆಯಾಡಿಸಿದ. ‘ಇದರಲ್ಲಿ ಸರಿ ಸಾರ್. ಕೌಂಟರಿನಲ್ಲಿ ಕೂತವರು ಇದನ್ನ ಓದಿರಬೇಕಲ್ಲ?’ ನಾನು ಬಾಯಿ ಮುಚ್ಚಿಕೊಂಡು ಮೂಗು ಒಡ್ಡಿದೆ.

ವರದಿ ಸಂಜೆ ಏಳೂವರೆಗೆ ವಾಟ್ಸಾಪಿಗೆ ಬಂತು. ನೆಗೆಟಿವ್. ಆದರೆ ಹೆಸರಿನ ಜಾಗದಲ್ಲಿ ಎರಡು ಇನಿಷಿಯಲ್ಲು, ನನ್ನ ಹೆಸರು. ಪಾಸ್‌ಪೋರ್ಟಿನಲ್ಲೋ ಅದೇ ಇನಿಷಿಯಲ್ಲು ಬಿಚ್ಚಿಕೊಂಡು ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಸೇರಿ ಒಂದು ಸಾಲು ತುಂಬಿದೆ. ನಮ್ಮ ಕಡೆಯವರ ಈ ಇನಿಷಿಯಲ್ಲಿನ ಕಥೆ ಡ್ರೈವಿಂಗ್ ಲೈಸೆನ್ಸಿನಿಂದ ಬ್ಯಾಂಕಿನವರೆಗೆ ಮುಗಿಯುವುದಿಲ್ಲ. ಮತ್ತೆ ಫೋನ್, ಇಪ್ಪತ್ತು ನಿಮಿಷದಲ್ಲಿ ಪಾಸ್‌ಪೋರ್ಟ್ ನಂಬರಿನ ಸಮೇತ ತಿದ್ದಿದ ವರದಿ ಬಂತು.

ಕೌಂಟರಿನ ಹೆಣ್ಣುಮಗಳು ಸ್ಯಾಂಪಲ್ ತೆಗೆದ ತಾರೀಖಿನ ಮೇಲೆ ಪೆನ್ನಿಟ್ಟು ‘ಹತ್ತು, ಸರಿ’ ಅಂದಳು. ಟೆಸ್ಟ್ ಯಾವುದು ಅಂತ ನೋಡಲೇ ಇಲ್ಲ.

ನನ್ನ ಹಿಂದೆ ಇದ್ದದ್ದು ಮಗಳ ಮನೆಗೆ ಹೊರಟ ವಯಸ್ಸಾದ ಗಂಡ ಹೆಂಡತಿ. ಅವರ ವರದಿ ಗುರುವಾರದ್ದು. ‘ಶುಕ್ರವಾರದ ಫ್ಲೈಟಲ್ವೇನಮ್ಮ?’ ಅಂತ ಯಜಮಾನರು ಕೇಳುತ್ತಲೇ ಇದ್ದರು. ನಿಲ್ದಾಣದೊಳಗೇ ಟೆಸ್ಟ್ ಮಾಡುವ ಕೌಂಟರ್ ಇತ್ತು. ರ‍್ಯಾಪಿಡ್ ಪಿಸಿಆರ್ ಮಾಡಿಸಿ, ಇನ್ನೂ ಹೊತ್ತಿದೆ ಅಂತ ದಾರಿ ತೋರಿಸಿ ನಾನು ಒಳಗೆ ಹೋದೆ. ಗೇಟು ಮುಚ್ಚುವುದಕ್ಕೆ ಸ್ವಲ್ಪ ಮುಂಚೆ ಇಬ್ಬರೂ ಬಂದರು. ಆಕೆಯ ಕೈಯಲ್ಲಿ ಎರಡು ಹೊಸ ಹಾಳೆ. ಯಜಮಾನರು ಗುರುವಾರದ್ದನ್ನೂ ಮಡಿಸಿ ಜೇಬಿನಲ್ಲಿಟ್ಟುಕೊಂಡಿದ್ದರು, ಅಲ್ಲಿ ಇಳಿದಮೇಲೆ ಯಾರಾದರೂ ಕೇಳಿದರೆ ಇರಲಿ ಅಂತ.